ತೂಕದ ಚೀಟಿ ತಿದ್ದಿದವರು

ಕಂಪನಿಗಳ ಬಾಗಿಲಿಗೆ ಹೋಗಿ "ನೀವು ಬರೆದ ಕೋಡನ್ನು ಎಲ್ಲರಿಗೂ ಕೊಡಿ" ಅಂತ ಕೇಳುವ ಕೆಲಸ ಹಿಡಿದ ಮೇಲೆ ನನಗೆ ನಗುವಿಗೆ ಬರ ಬಂದಿಲ್ಲ. ನಾನು ಪಾಂಡವಪುರದಲ್ಲಿ ಕಂಪ್ಯೂಟರ್ ಮೇಷ್ಟ್ರು. ಕಬ್ಬು, ಭತ್ತ ತೂಗಿದಾಗ ಚೀಟಿ ಕನ್ನಡದಲ್ಲೇ ಬರಲಿ ಅಂತ ನಾನೂ ಒಬ್ಬ ಗೆಳೆಯನೂ ಸಾಫ್ಟ್‌ವೇರ್ ಮಾಡಿ, ಯಾರು ಬೇಕಾದರೂ ಬಳಸಿ, ಯಾರು ಬೇಕಾದರೂ ತಿದ್ದಿ ಅಂತ ಇಂಟರ್‌ನೆಟ್ಟಿಗೆ ಹಾಕಿದೆವು. ಬಳಸಿದವರು ಬಹಳ ಜನ. ತಿದ್ದಿಕೊಂಡವರೂ ಇದ್ದರು. ತಿದ್ದಿದ್ದನ್ನು ಹೆಸರು ಹೇಳಿ ವಾಪಸ್ ಕೊಟ್ಟ ಕಂಪನಿ ಮಾತ್ರ ಒಂದೂ ಇರಲಿಲ್ಲ. ಇಬ್ಬರ ಕೈಲಿ ಸಾಗದೆ ನಿಲ್ಲಿಸುವ ಹಂತಕ್ಕೆ ಬಂದಾಗ ನಾನು ಬೈಕ್ ಹತ್ತಿದೆ.

ನಾಗಮಂಗಲದ ಗಿರಣಿ

ಅಲ್ಲೊಂದು ಅಕ್ಕಿ ಗಿರಣಿ. ನಮ್ಮ ಚೀಟಿಯಲ್ಲಿ ಒತ್ತಕ್ಷರ ಒಡೆದು "ಅಕ್ಕಿ" ಹೋಗಿ "ಅಕಕಿ" ಆಗುತ್ತಿತ್ತು. ವರ್ಷವಿಡೀ ತಿಣುಕಿದರೂ ನಮಗೆ ಸರಿಯಾಗಲಿಲ್ಲ. ಗಿರಣಿಯವರು ಒಬ್ಬ ಇಂಜಿನಿಯರ್ ಕೂರಿಸಿ ಅದನ್ನು ಸರಿಮಾಡಿಸಿಕೊಂಡಿದ್ದರು. ಆ ತಿದ್ದುಪಡಿ ನಮಗೂ ಕೊಡಿ, ಊರೂರಿನ ರೈತರಿಗೆ ಉಪಯೋಗವಾಗುತ್ತೆ ಅಂತ ಮಾಲೀಕರಿಗೆ ಒಂದು ಗಂಟೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಎದ್ದುಹೋಗಿ, ತಾವೇ ಪೆನ್‌ಡ್ರೈವ್ ತಂದು ಕೈಗಿಟ್ಟರು.

"ಎಲ್ಲಾ ತಕಳಿ. ಆದ್ರೆ ನಮ್ ಹೆಸ್ರು ಮಾತ್ರ ಹಾಕ್ಬ್ಯಾಡಿ."

ಇಷ್ಟು ಒಳ್ಳೆಯ ಕೆಲಸಕ್ಕೆ ಯಾಕೆ ಸಂಕೋಚ ಅಂತ ಕೇಳಿದೆ.

"ಗಿರಣಿಯೋರು ಬಿಟ್ಟಿ ಕೊಡ್ತಾವ್ರೆ ಅಂತ ಸುದ್ದಿ ಆದ್ರೆ, ಬೆಳಿಗ್ಗೆಗೆ ಎಲ್ರೂ ಚೀಲ ಇಡ್ಕಂಡು ಬಂದ್ಬುಡ್ತಾರೆ ಮೇಷ್ಟ್ರೇ."

ಶ್ರೀರಂಗಪಟ್ಟಣದ ಗೋಡೆ

ಲಾರಿ ಟ್ರಾನ್ಸ್‌ಪೋರ್ಟ್ ನಡೆಸುವ ಸಾಹೇಬರು ಇದಕ್ಕೆ ತದ್ವಿರುದ್ಧ. ಯಾವ ಲಾರಿ ಎಷ್ಟು ತೂಕ ಹೊತ್ತು ಎಲ್ಲಿದೆ ಅಂತ ತೋರಿಸುವ ಭಾಗವನ್ನು ಅವರ ಆಫೀಸಿನವರೇ ನಮ್ಮ ಸಾಫ್ಟ್‌ವೇರಿಗೆ ಸೇರಿಸಿಕೊಂಡಿದ್ದರು. ಎಲ್ಲರೂ ನೋಡುವ ಹಾಗೆ ತೆರೆದಿಡಿ ಅಂದೆ. ತಕ್ಷಣ ಒಪ್ಪಿದರು.

ವಾರ ಬಿಟ್ಟು ಹೋದರೆ, ರಸ್ತೆ ಕಡೆಯ ಗೋಡೆ ತುಂಬ ಕಾಗದ. ಕೋಡನ್ನೆಲ್ಲ ಪ್ರಿಂಟ್ ಹಾಕಿಸಿ ಅಂಟಿಸಿದ್ದರು. "ದೇಖೋ ಮೇಷ್ಟ್ರೇ, ಒಂದ್ ಲೈನೂ ಮುಚ್ಚಿಟ್ಟಿಲ್ಲ" ಅಂದರು ಹೆಮ್ಮೆಯಿಂದ.

ತೆರೆದಿಡೋದು ಅಂದರೆ ಇಂಟರ್‌ನೆಟ್ಟಿನಲ್ಲಿ ಅಂತ ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಹನ್ನೊಂದನೇ ಹಾಳೆ ಕಣ್ಣಿಗೆ ಬಿತ್ತು. ಯಾರೋ ಪೆನ್ನಿನಲ್ಲಿ ಒಂದು ಸಾಲು ಹೊಡೆದುಹಾಕಿ ಪಕ್ಕದಲ್ಲಿ ಬೇರೆ ಬರೆದಿದ್ದರು. ವಿಚಾರಿಸಿದರೆ, ದಿನಾ ಅಲ್ಲಿ ಬಸ್ಸಿಗೆ ಕಾಯುವ ಒಬ್ಬ ಪಾಲಿಟೆಕ್ನಿಕ್ ಉಪನ್ಯಾಸಕಿ. ನೋಡಿದೆ, ಅವರು ತಿದ್ದಿದ್ದೇ ಸರಿ.

ನನ್ನ ಪಾಠ ಅಲ್ಲಿಗೇ ನಿಂತಿತು. ಸಾಹೇಬರು ಮಾತ್ರ ಗೋಡೆಯನ್ನೇ ನೋಡುತ್ತಾ, "ಒಂದು ಪೆನ್ನು ದಾರ ಕಟ್ಟಿ ನೇತಾಕ್ಬೇಕಿತ್ತು" ಅಂದರು.

ಕೆ.ಆರ್. ಪೇಟೆಯ ಗುಟ್ಟು

ತಕ್ಕಡಿ, ಲಾರಿ ತೂಗುವ ವೇಬ್ರಿಡ್ಜ್ ಮಾಡುವ ಸಣ್ಣ ಕಂಪನಿ ಅದು. ಹೆಸರು ಹಾಕಿ ಬಹಿರಂಗವಾಗಿ ಕೈಜೋಡಿಸಿ ಅಂತ ಯಜಮಾನರನ್ನು ಕೇಳುತ್ತಿದ್ದೆ. ಪಕ್ಕದಲ್ಲಿ ಅವರ ಇಂಜಿನಿಯರ್ ಹೆಣ್ಣುಮಗಳು ಕೂತಿದ್ದರು. ಯಜಮಾನರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ನಿಮ್ಗೆ ಇಂಟರ್‌ನೆಟ್ಟಲ್ಲಿ ಜಲ್ಲೆ ಅಂತ ಹೆಸ್ರು ಇಟ್ಕಂಡು ಒಬ್ರು ತಿದ್ದಿ ತಿದ್ದಿ ಕಳಿಸ್ತಾರಲ್ಲ, ಅದು ನಾನೇ ಕಣ್ರೀ. ನಮ್ಮೋರಿಗೆ ಗೊತ್ತಾದ್ರೆ ಕಂಪನಿ ಕೆಲ್ಸ ಬುಟ್ಟು ಇದ್ಕೇ ಕೂತ್ಕತಾರೆ ಅಂತ ಈಯಮ್ಮಂಗೂ ಯೋಳಿರ್ಲಿಲ್ಲ."

ಆ ಹೆಣ್ಣುಮಗಳು ಕುರ್ಚಿ ಹಿಂದಕ್ಕೆ ಸರಿಸಿದರು. ಜಲ್ಲೆಯ ಜೊತೆ ವರ್ಷದಿಂದ ಇಂಟರ್‌ನೆಟ್ಟಿನಲ್ಲಿ ಜಗಳವಾಡುತ್ತಾ, ಜಗಳಕ್ಕೊಂದರಂತೆ ತಿದ್ದುಪಡಿ ಕಳಿಸುತ್ತಿದ್ದ 'ಅಚ್ಚುಬೆಲ್ಲ' ಎಂಬ ಹೆಸರಿನವರು ತಾನೇ ಅಂತ ಮೆಲ್ಲಗೆ ಒಪ್ಪಿಕೊಂಡರು. ಅವರೂ ಇಷ್ಟು ದಿನ ಯಜಮಾನರಿಗೆ ಹೆದರಿಯೇ ಮುಚ್ಚಿಟ್ಟಿದ್ದರು.

ಯಜಮಾನರು ಯೋಚಿಸಿದರು. "ಅಂಗಾದ್ರೆ ಮೊನ್ನೆ, 'ಈ ಜಲ್ಲೆಗೆ ತಕ್ಕಡಿ ಇಡಿಯಾಕೂ ಬರಲ್ಲ' ಅಂತ ಬರ್ದಿದ್ದು ನೀನೇನಮ್ಮ?"

ತಾನಲ್ಲ, ಅದು ಬರೆದವರು ಬೇರೆ ಯಾರೋ, ತನಗೂ ಬೈದಿದ್ದಾರೆ ಅಂದರು ಆಕೆ.

ಮೂಲೆಯಲ್ಲಿ ತಕ್ಕಡಿ ಒರೆಸುತ್ತಿದ್ದ ಹಳೇ ಮೆಕ್ಯಾನಿಕ್ಕು ತಲೆ ಎತ್ತಲಿಲ್ಲ. "ಈಗ್ಲೂ ಎಲ್ ಬತ್ತದೆ ಬುಡಿ, ಯಜಮಾನ್ರೇ."

ಇಬ್ಬರಿಗೂ ಬೈಯುತ್ತಾ, ತೂಕ ಎಲ್ಲಿ ತಪ್ಪುತ್ತಿದೆ ಅಂತ ಮೊಬೈಲಿನಲ್ಲಿ ಕನ್ನಡದಲ್ಲೇ ಬರೆದು ನಮಗೆ ಕಳಿಸುತ್ತಿದ್ದ ಮಹಾನುಭಾವ ಈತನೇ. ಆಮೇಲೆ ಯಜಮಾನರು ಕಂಪ್ಯೂಟರ್ ಎಳೆದುಕೊಂಡು ನಮ್ಮ ಸಾಫ್ಟ್‌ವೇರಿನ ಪುಟಕ್ಕೆ ಕಂಪನಿಯ ಹೆಸರು ಸೇರಿಸಿದರು, ಕೆಳಗೆ ಮೂವರ ನಿಜವಾದ ಹೆಸರು. ಮೆಕ್ಯಾನಿಕ್ಕಿನದು ಮೊದಲು, ಆ ಹೆಣ್ಣುಮಗಳದು ಆಮೇಲೆ. ಕೊನೆಗೆ ತಮ್ಮ ಹೆಸರು ಬರೆದು, ಅದರ ಮುಂದೆ ಗಂಭೀರವಾಗಿ ಟೈಪ್ ಮಾಡಿದರು: "ತಕ್ಕಡಿ ಹಿಡಿಯಲು ಕಲಿಯುತ್ತಿದ್ದಾರೆ."