ಹತ್ತೊಂಬತ್ತು ಸೆಕೆಂಡಿನ ತೀರ್ಪು ಕೊಟ್ಟ ಸ್ಟಾಪ್‌ವಾಚ್ ಅವರಿಗೆ

ಮಾನ್ಯರೇ,

ಟ್ರಾಯ್ ಕನ್ನಡಿಗರ, ಕಾಲಲ್ಲಿ ಒದೆಯದೆ ಕೈಯಲ್ಲಿ ಎಸೆದು ಹಿಡಿಯುವ ಅಮೆರಿಕನ್ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಶ್ರೀಹರಿಯವರ ಕೊರಳಲ್ಲಿ ಹಳದಿ ದಾರದಿಂದ ತೂಗಾಡುತ್ತ, ನಮ್ಮೆಲ್ಲರ ಯೋಗ್ಯತೆಯನ್ನು ಸೆಕೆಂಡಿನ ನೂರನೇ ಭಾಗದವರೆಗೂ ಅಳೆದು ಹೇಳುವ ತಮಗೆ, ಅದೇ ತಂಡದಲ್ಲಿ ಹನ್ನೊಂದು ವರ್ಷ ಚೆಂಡು ಹಿಡಿದು ಈಗ ಮಜ್ಜಿಗೆ ಹಂಚುವ ಹುದ್ದೆಗೆ ಬಡ್ತಿ ಪಡೆದಿರುವ, ಐವತ್ತಾರು ವರ್ಷದ ವೆಂಕಟರಾಮು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮಂಡಿ ನೋವಿರುವುದರಿಂದ ಸಾಷ್ಟಾಂಗವನ್ನು ಬರವಣಿಗೆಯಲ್ಲೇ ಸ್ವೀಕರಿಸಬೇಕಾಗಿ ವಿನಂತಿ.

ಶ್ರೀಹರಿಯವರು ಕಾರಿನ ಬ್ರೇಕ್ ತಯಾರಿಸುವ ಕಂಪನಿಯಲ್ಲಿ ಕ್ವಾಲಿಟಿ ಎಂಜಿನಿಯರ್. ಅಳತೆಗೆ ಬಾರದ ಬಿಡಿಭಾಗವನ್ನು ಕೆಂಪು ಡಬ್ಬಕ್ಕೆ ಎಸೆಯುವುದು ಅವರ ನಿತ್ಯದ ಕೆಲಸ. ಅದೇ ಪದ್ಧತಿಯಲ್ಲಿ ಮೇ ತಿಂಗಳಲ್ಲಿ ನಮ್ಮನ್ನೆಲ್ಲ ನಲವತ್ತು ಗಜ ಓಡಿಸಿದರು. ಇಪ್ಪತ್ತೊಂದು ವರ್ಷದ ಸಮರ್ಥನಿಗೆ ತಾವು ಐದು ಸೆಕೆಂಡು ಕೊಟ್ಟಿರಿ, ನನಗೆ ಹತ್ತೊಂಬತ್ತು; ತಂಡದಲ್ಲಿ ನನ್ನ ಜಾಗ ಅವನ ಪಾಲಾಯಿತು. ತಾವು ಸುಳ್ಳಾಡಿದಿರಿ ಎನ್ನುವ ನಾಲಿಗೆ ನನ್ನದಲ್ಲ. ಆದರೆ ಎಂಟು ಗಜ ಓಡಿದ ಕೂಡಲೇ ನಾನು ಅಭ್ಯಾಸಬಲದಿಂದ ನಿಂತು, ಹಿಂದಕ್ಕೆ ತಿರುಗಿ, ಎರಡೂ ಕೈ ಚಾಚಿ, ಯಾರೂ ಎಸೆಯದ ಚೆಂಡಿಗಾಗಿ ಕಾಯುತ್ತಿದ್ದೆನೆಂಬುದನ್ನು ತಾವು ಎಲ್ಲೂ ನಮೂದಿಸಲಿಲ್ಲ. "ಅಂಕಲ್, ಓಡಿ ಅಂಕಲ್, ಇದು ಬರೀ ಟೆಸ್ಟು" ಎಂದು ಸಮರ್ಥ ಕೂಗಿದ ಮೇಲಷ್ಟೇ ಉಳಿದ ಮೂವತ್ತೆರಡು ಗಜ ನನಗೆ ನೆನಪಾದವು.

ಓಡುವುದು ನನ್ನ ಕೆಲಸವೇ ಅಲ್ಲ, ಮಾನ್ಯರೇ. ಈ ಆಟದಲ್ಲಿ ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಯ ಪಾಲು. ಮೂರನೆಯ ಪ್ರಯತ್ನಕ್ಕೆ ಬಂದು, ಇನ್ನೂ ಏಳು ಗಜ ಬಾಕಿ ಉಳಿದು, ಎಲ್ಲರ ಮುಖ ಒಣಗಿದಾಗ, ಗುಂಪಿನ ನಟ್ಟನಡುವೆ ಎಂಟು ಗಜದಲ್ಲಿ ನಿಂತು, ಬಂದ ಚೆಂಡನ್ನು ಎದೆಗವಚಿಕೊಳ್ಳುವ ಒಬ್ಬ ಬೇಕು. ಅವನಿಗೆ ಪೊಸೆಷನ್ ರಿಸೀವರ್ ಎನ್ನುತ್ತಾರೆ. ದೇವಸ್ಥಾನದ ಪಂಕ್ತಿಯಲ್ಲಿ ಇಪ್ಪತ್ತು ವರ್ಷ ಸಾರು ಬಡಿಸಿದವನು ನಾನು. ಎರಡು ಸಾಲಿನ ನಡುವಿನ ಒಂದಡಿ ಜಾಗದಲ್ಲಿ ಒಂದೆಲೆಯನ್ನೂ ತುಳಿಯದೆ, ಯಾರ ಮೊಣಕೈ ತಗುಲಿದರೂ ಬಕೆಟ್ ಬಿಡದೆ ನಡೆದವನು. ಗೆರೆಯೊಳಗೆ ಕಾಲಿಡುವುದನ್ನೂ ಕೈಗೆ ಸಿಕ್ಕಿದ್ದನ್ನು ಬಿಡದಿರುವುದನ್ನೂ ನನಗೆ ಯಾವ ಕೋಚೂ ಕಲಿಸಬೇಕಾಗಿಲ್ಲ.

ಇನ್ನು ಚೆಂಡು ಎಸೆಯುವವಳು ನನ್ನ ಮಗಳು ಇಂಚರ. ಎಂಟನೇ ವಯಸ್ಸಿನಿಂದ ನಮ್ಮ ಮನೆಯ ಡ್ರೈವ್‌ವೇಯಲ್ಲಿ ಅವಳು ಎಸೆದದ್ದನ್ನೆಲ್ಲ ಹಿಡಿದವನು ನಾನೊಬ್ಬನೇ. ಆ ಡ್ರೈವ್‌ವೇ ಉದ್ದವೇ ಎಂಟು ಗಜ, ಅದರಾಚೆ ಪಕ್ಕದ ಮನೆಯವರ ಗುಲಾಬಿ ಗಿಡಗಳು. ಅಕ್ಟೋಬರ್‌ನಿಂದ ಆಸ್ಪತ್ರೆಯಲ್ಲಿ ಅವಳ ನರ್ಸಿಂಗ್ ಪಾಳಿ ಶನಿವಾರಕ್ಕೇ ಬೀಳುವುದರಿಂದ, ನಾವಿಬ್ಬರೂ ಒಟ್ಟಿಗೆ ಆಡಲು ಉಳಿದಿರುವುದು ಈ ಸೀಸನ್ ಒಂದೇ. ಇದು ನನಗೆ ಸಂಕಟ, ತಮ್ಮ ಯಾವ ಗುಂಡಿ ಒತ್ತಿದರೂ ಅದು ತೋರಿಸುವುದಿಲ್ಲ.

ಕಳೆದ ಶನಿವಾರ ಇಲಿನಾಯ್‌ನ ವುಡ್‌ರಿಡ್ಜ್ ಕನ್ನಡಿಗರು ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದು ನಮ್ಮನ್ನು ಸೋಲಿಸಿದ್ದನ್ನು ತಾವು ಕಣ್ಣಾರೆ ಕಂಡಿರಿ. ಸಮರ್ಥ ಅದ್ಭುತವಾಗಿ ಓಡಿದ. ಯಾರ ಚೆಂಡೂ ತಲುಪಲಾರದಷ್ಟು ದೂರ ಓಡಿದ. ಒಮ್ಮೆಯಂತೂ ಅವನು ಪಕ್ಕದೂರು ರಾಚೆಸ್ಟರ್ ಹಿಲ್ಸ್ ತಲುಪಿ ಅಲ್ಲೇ ತಿಂಡಿ ಮುಗಿಸಿಕೊಂಡು ಬರುತ್ತಾನೆಂದು ನಾವೆಲ್ಲ ಭಾವಿಸಿದೆವು. ಕೊನೆಯಲ್ಲಿ ಮೂರನೆಯ ಪ್ರಯತ್ನ, ಏಳು ಗಜ ಬಾಕಿ. ಇಂಚರ ಯಾರನ್ನೂ ನೋಡದೆ ಎಂಟು ಗಜದಲ್ಲಿದ್ದ ಖಾಲಿ ಜಾಗಕ್ಕೆ ಚೆಂಡು ಎಸೆದಳು. ಅದು ಹುಲ್ಲಿನ ಮೇಲೆ ಎರಡು ಸಲ ಪುಟಿದು ಮಲಗಿತು. "ಏನಮ್ಮಾ, ಯಾರಿಗೆ ಎಸೀತೀಯ?" ಎಂದು ಶ್ರೀಹರಿಯವರು ಕೇಳಿದರು. ಅವಳು ಹೋಗಿ ಚೆಂಡು ಎತ್ತಿಕೊಂಡಳು. ಮಜ್ಜಿಗೆ ಸೌಟು ಹಿಡಿದು ನಿಂತಿದ್ದ ನನಗೆ ಮಾತ್ರ ಅದು ಯಾರಿಗೆಂದು ಗೊತ್ತಿತ್ತು.

ಆದ್ದರಿಂದ ಘನತೆವೆತ್ತ ತಮ್ಮಲ್ಲಿ ನನ್ನ ಕೋರಿಕೆಯೆಂದರೆ, ಮುಂದಿನ ಶನಿವಾರ ವುಡ್‌ರಿಡ್ಜ್‌ನಲ್ಲಿ ನಡೆಯುವ ಮರುಪಂದ್ಯದಲ್ಲಿ ಒಂದೋ ತಾವೇ ತಂಡದ ಜೆರ್ಸಿ ತೊಟ್ಟು ಎಂಟು ಗಜದಲ್ಲಿ ನಿಂತು, ಇಲ್ಲದ ಎರಡು ಕೈಗಳಿಂದ ನನ್ನ ಮಗಳ ಚೆಂಡು ಹಿಡಿಯಬೇಕು; ಅಥವಾ ಒಬ್ಬ ಮನುಷ್ಯ ತನ್ನ ಜಾಗ ಬಿಡದೆ ಎಷ್ಟು ವರ್ಷ ನಿಂತನೆಂದು ಅಳೆಯಲು ಕಲಿತು, ಅಂಕಿಯನ್ನು ಶ್ರೀಹರಿಯವರ ಕಿವಿಯಲ್ಲಿ ಹೇಳಬೇಕು. ಎರಡೂ ಆಗದಿದ್ದರೆ ರಾಜೀನಾಮೆ ಕೊಟ್ಟು ನಮ್ಮ ಮನೆಗೆ ಬನ್ನಿ. ನನ್ನ ಹೆಂಡತಿ ವಸುಧಾಗೆ ಇಡ್ಲಿ ಬೇಯುವ ಹೊತ್ತು ನೋಡಲು ಯಾರಾದರೂ ಬೇಕಂತೆ. ಹನ್ನೆರಡು ನಿಮಿಷ, ಅಷ್ಟೇ. ಗೌರವದ ಕೆಲಸ.

ಇಂತಿ, ಎಂಟು ಗಜ ದಾಟದ,
ತಮ್ಮ ವಿಶ್ವಾಸಿ,
ವೆಂಕಟರಾಮು, ಟ್ರಾಯ್

ತಾ.ಕ.: ತಾವು ಭಾನುವಾರದಿಂದ ಕಾಣೆಯಾಗಿದ್ದೀರೆಂದು ಶ್ರೀಹರಿಯವರು ಇಡೀ ಗುಂಪಿಗೆ ವಾಟ್ಸಾಪ್ ಮಾಡಿದ್ದಾರೆ. ಇಂದು ಬೆಳಗ್ಗೆ ಅಕ್ಕಿ ಡಬ್ಬಕ್ಕೆ ಪಾವು ಹಾಕಿದಾಗ ಹಳದಿ ದಾರ ಸಿಕ್ಕಿತು. ಕೇಳಿದರೆ ಇಂಚರ "ನೋ ಐಡಿಯಾ, ಅಪ್ಪ" ಎಂದು, ಶೂ ಹಾಕಿಕೊಂಡು ಡ್ರೈವ್‌ವೇಗೆ ಬರಲು ಹೇಳಿ, ಚೆಂಡು ತೆಗೆದುಕೊಂಡು ಹೊರಗೆ ಹೋದಳು. ತಮ್ಮನ್ನು ಮತ್ತೆ ಅಕ್ಕಿಯಲ್ಲೇ ಮುಚ್ಚಿದ್ದೇನೆ. ಶನಿವಾರದವರೆಗೆ ಸಾವಕಾಶವಾಗಿ ಎಣಿಸಿಕೊಳ್ಳಿ.