ಚೈತ್ರಳ ವೈನಿಗೆ ನಾನು ಸುಣ್ಣ ಹಾಕಿದ್ದು

ರುಚಿ ನೋಡುವ ವಿಚಾರದಲ್ಲಿ ನನ್ನ ನಾಲಿಗೆಗೆ ಸಮನಾದ ನಾಲಿಗೆ ಅರಕೆರೆಯಲ್ಲಿ ಇನ್ನೊಂದಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಅದಕ್ಕೆ ಕಾರಣವೂ ಇತ್ತು. ನಾನು ಓದಿದ್ದು ಮೂರನೇ ಕ್ಲಾಸು. ಮಿಕ್ಕ ವಿದ್ಯಾಭ್ಯಾಸವೆಲ್ಲ ಆಲೆಮನೆಯಲ್ಲಿ, ಬೆಲ್ಲದ ಕೊಪ್ಪರಿಗೆಯ ಮುಂದೆ ಆಯಿತು. ಬೇರೆಯವರು ಪಾಕ ಹದಕ್ಕೆ ಬಂತೇ ಎಂದು ನೀರಿಗೆ ಬಿಟ್ಟು ನೋಡಿದರೆ, ನಾನು ಹತ್ತು ಮಾರು ದೂರದಲ್ಲಿ ಕುಳಿತು ವಾಸನೆಯಲ್ಲೇ "ಇಳ್ಸ್ರಲಾ" ಎನ್ನುತ್ತಿದ್ದೆ. ಇಳಿಸುತ್ತಿದ್ದರು. ಬೆಲ್ಲ ಬೆಲ್ಲವೇ ಆಗಿರುತ್ತಿತ್ತು.

ಈ ನಾಲಿಗೆ ಒಂದು ತಲೆಮಾರು ದಾಟಿ ನನ್ನ ಮಗಳ ಮಗಳು ಚೈತ್ರಳಿಗೆ ಬಂತು. ಅವಳು ದ್ರಾಕ್ಷಿಯಿಂದ ವೈನ್ ಮಾಡುವ ವಿದ್ಯೆ ಓದಿ, ಪಾಂಡವಪುರದ ಆಚೆ ಒಂದು ವೈನ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದಳು. ಅಪ್ಪ ಅಮ್ಮ ಇರುವುದು ಹೊಣಕೆರೆಯಲ್ಲಿ. ಇಲ್ಲಿಂದ ಬಸ್ಸು ಅನುಕೂಲ ಎಂದು ಅವಳು ನಮ್ಮ ಮನೆಯಲ್ಲೇ ಉಳಿದಳು. ಆ ಸಂತೋಷಕ್ಕೆ ನಾನು ಒಂದು ವಾರ ಊರಲ್ಲಿ ಯಾರ ಜೊತೆಯೂ ಜಗಳ ಆಡಲಿಲ್ಲ.

ಟೀ ಅಂಗಡಿಯಲ್ಲಿ ಒಬ್ಬ ಕೆಣಕಿದ. "ಏನಣ್ಣೋ, ನಿನ್ ಮೊಮ್ಮಗ್ಳು ಎಂಡ ಮಾಡೋ ಕೆಲ್ಸುಕ್ಕೆ ಸೇರವ್ಳಂತೆ."

"ಎಂಡ ಅಲ್ಲ ಕಣ್ಲಾ, ವೈನು. ಅದುನ್ನ ಕುಡಿಯೋಕ್ ಮುಂಚೆ ನೋಡ್ಬೇಕು, ಮೂಸ್ಬೇಕು, ಆಮೇಲೆ ಯೋಚ್ನೆ ಮಾಡ್ಬೇಕು. ನೀನು ಯಾವತ್ತಾದ್ರೂ ಯೋಚ್ನೆ ಮಾಡಿದ್ದೀಯಾ?"

ನಾನೂ ಅಲ್ಲಿಯವರೆಗೆ ವೈನಿನ ಮುಖ ನೋಡಿರಲಿಲ್ಲ. ಅದು ಬೇರೆ ಮಾತು.

ನೋಡುವ ಕಾಲವೂ ಬಂತು. ಕೆಲಸಗಾರರ ಮನೆಯವರಿಗೆಂದು ಕಾರ್ಖಾನೆಯವರು ಒಂದು ದಿನ ರುಚಿ ನೋಡುವ ಕಾರ್ಯಕ್ರಮ ಇಟ್ಟರು. ಬಿಳಿ ಬಟ್ಟೆ ಹಾಸಿದ ಮೇಜು. ಕಡ್ಡಿಕಾಲಿನ ಗಾಜಿನ ಲೋಟಗಳು. ನಮ್ಮ ಮನೆಯಲ್ಲಿ ಲೋಟಕ್ಕೆ ತುಟಿ ತಾಗಿಸಿದರೆ ನಮ್ಮವ್ವ ಬೆನ್ನಿಗೆ ಬಾರಿಸುತ್ತಿದ್ದಳು. ಆ ಶಿಸ್ತನ್ನು ಈ ವಯಸ್ಸಲ್ಲಿ ಬಿಡಲಾದೀತೆ? ತಲೆ ಹಿಂದಕ್ಕೆ ವಾಲಿಸಿ, ಲೋಟ ಎತ್ತಿ, ಮೇಲಿಂದ ಸುರಿದುಕೊಂಡೆ. ಅರ್ಧ ಬಾಯಿಗೆ ಹೋಯಿತು. ಉಳಿದರ್ಧ ನನ್ನ ಬಿಳಿ ಅಂಗಿ ಕುಡಿಯಿತು.

"ತಾತ, ತುಟಿ ತಾಗಿಸ್ಬೇಕು," ಎಂದು ಚೈತ್ರ ಕಿವಿಯಲ್ಲಿ ಉಸುರಿದಳು.

"ಎಂಜ್ಲಾಗಲ್ವವ್ವ?"

"ಆಗ್ಲಿ ಅಂತಾನೇ ಒಬ್ಬೊಬ್ರಿಗೂ ಒಂದೊಂದು ಕೊಟ್ಟಿರೋದು. ಬಾಯಲ್ಲಿ ಒಂದ್ ಸುತ್ತು ಆಡ್ಸಿ, ಆಮೇಲೆ ಆ ಬಕೀಟಿಗೆ ಉಗೀರಿ."

"ಕೊಟ್ಟೋರ ಮುಂದೇನೇ ಉಗಿಯೋದಾ? ನಮ್ಮನ್ನ ಯಾವ್ ವಂಶ ಅಂದ್ಕಂಡಾರು?"

ವಂಶದ ಮರ್ಯಾದೆಗಾಗಿ ಆರು ಬಗೆಯನ್ನೂ ನುಂಗಿದೆ. ಆರನೆಯದು ಇಳಿಯುವ ಹೊತ್ತಿಗೆ ಕಾರ್ಖಾನೆಯ ಮ್ಯಾನೇಜರು ಯಾವುದೋ ಸಂಬಂಧದಲ್ಲಿ ನನಗೆ ಭಾವ ಆಗಬೇಕು ಎಂದು ತೋರಿತು. ತೋರಿದ್ದನ್ನು ಹೇಳಿಯೂ ಬಿಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಭಾವ, ಈ ಕೊನೇದ್ರಲ್ಲಿ ಆಲೆಮನೆ ಒಲೆ ಆರಿದ್ಮೇಲೆ ಬತ್ತದಲ್ಲ, ಆ ವಾಸ್ನೆ ಅದೆ" ಎಂದೆ. ಆ ಮನುಷ್ಯ ಮೂಸಿ ನೋಡಿ, "ಹೌದು ಯಜಮಾನರೇ, ಇದನ್ನ ಮರದ ಪೀಪಾಯಿಯಲ್ಲಿ ಇಟ್ಟಿದ್ವಿ. ಆ ಪೀಪಾಯಿಯ ಒಳಮೈಯನ್ನ ಬೆಂಕಿಯಲ್ಲಿ ಸುಟ್ಟಿರ್ತಾರೆ" ಎಂದು ಬೆರಗಾದರು.

ನನ್ನನ್ನು ಕೆಡಿಸಿದ್ದು ವೈನಲ್ಲ. ಆ ಒಂದು ಮಾತು.

ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ಯಾವ ಪದಾರ್ಥವೂ ನೆಮ್ಮದಿಯಾಗಿ ನನ್ನ ಹೊಟ್ಟೆ ಸೇರಲಿಲ್ಲ. ಸಾರನ್ನು ಬೆಳಕಿಗೆ ಹಿಡಿದು ನೋಡಿದೆ. ಕಾಫಿಯನ್ನು ಮೂಗಿನ ಒಂದೊಂದೇ ಹೊಳ್ಳೆಯಲ್ಲಿ ಮೂಸಿದೆ. ಮಜ್ಜಿಗೆಯ ಲೋಟವನ್ನು ವೈನಿನವರ ಹಾಗೆ ಗುಂಡಗೆ ತಿರುಗಿಸುವಾಗ ನನ್ನ ಹೆಂಡತಿ ಸಾಕಮ್ಮ ನೋಡಿದಳು.

"ಅದ್ಯಾಕಂಗೆ ಸುತ್ತುಸ್ತಿದ್ದೀರಿ? ಬೆಣ್ಣೆ ನಾನಾಗ್ಲೇ ತೆಗ್ದಿವ್ನಿ."

ಹೀಗಿರುವಾಗ ಚೈತ್ರಳಿಗೆ ಕಾರ್ಖಾನೆಯಲ್ಲಿ ಒಂದು ಅವಕಾಶ ಸಿಕ್ಕಿತು. ಒಂದೆರಡು ಬಿಂದಿಗೆಯಷ್ಟು ವೈನನ್ನು ಅವಳೊಬ್ಬಳೇ, ತನ್ನ ಲೆಕ್ಕಾಚಾರದಲ್ಲೇ ಮಾಡಿದಳು. ಆ ಪರೀಕ್ಷೆ ಈ ಪರೀಕ್ಷೆ ಎಂದು ಖರ್ಚಾಗಿ ಕೊನೆಗೆ ಉಳಿದಿದ್ದು ಎರಡೇ ಬಾಟಲಿ. ಶನಿವಾರ ಹೊರಗಿನಿಂದ ಒಬ್ಬರು ದೊಡ್ಡ ಮೇಡಂ ಬಂದು ರುಚಿ ನೋಡುತ್ತಾರೆ, ಅವರು ಒಪ್ಪಿದರೆ ಮುಂದಿನ ಸಲ ದೊಡ್ಡ ಟ್ಯಾಂಕಿನ ವೈನು ಇವಳ ಕೈಗೇ ಬರುತ್ತದೆ, ಒಪ್ಪದಿದ್ದರೆ ಮತ್ತೆ ಪೀಪಾಯಿ ತೊಳೆಯುವುದೇ ಎಂದು ಹೇಳಿದಳು. ಕಾರ್ಖಾನೆಗೆ ಬಣ್ಣ ಹೊಡೆಯುತ್ತಿದ್ದರು. ಆ ವಾಸನೆ ಬಡಿಯಬಾರದೆಂದು ಎರಡೂ ಬಾಟಲಿಯನ್ನು ಗುರುವಾರ ಮನೆಗೆ ತಂದು, ರಾಗಿ ಡ್ರಮ್ಮಿನ ಹಿಂದೆ ಕತ್ತಲಲ್ಲಿ ಇಟ್ಟಳು.

"ತಾತ, ಇದ್ನ ಯಾರೂ ಮುಟ್ಬಾರ್ದು."

"ಯಾರ್ ಮುಟ್ತಾರವ್ವ, ನಾನಿಲ್ವ?" ಎಂದೆ. ಪ್ರಾಮಾಣಿಕವಾಗಿಯೇ ಹೇಳಿದ್ದೆ.

ಶುಕ್ರವಾರ ಅವಳು ಕೆಲಸಕ್ಕೆ ಹೋದಳು. ಸಾಕಮ್ಮ ಹಸುವಿಗೆ ಹುಲ್ಲು ತರಲು ಗದ್ದೆ ಕಡೆ ಹೋದಳು. ನಾನೂ ಡ್ರಮ್ಮೂ ಉಳಿದೆವು. ನಾಳೆ ಯಾರೋ ಹೊರಗಿನವರು ನಾಲಿಗೆ ಇಡುವ ಮೊದಲು ಮನೆಯ ಹಿರಿಯನ ನಾಲಿಗೆ ಒಮ್ಮೆ ಒಪ್ಪಿಗೆ ಕೊಡುವುದು ಧರ್ಮ ಎನಿಸಿತು. ಬಿರಟೆ ತೆಗೆದು ಒಂದು ಗುಟುಕು ಕುಡಿದೆ. ಹುಳಿ! ಕಣ್ಣು ತಾನಾಗಿ ಮುಚ್ಚಿಕೊಳ್ಳುವ ಹುಳಿ. ಇನ್ನೊಂದು ಗುಟುಕು ಕುಡಿದೆ. ಈಗಲೂ ಹುಳಿ. ಕೂಸು ನಾಳೆ ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕಲ್ಲ ಎಂದು ಸಂಕಟವಾಯಿತು.

ಕಬ್ಬಿನ ಹಾಲು ಹುಳಿಯಾಗಿದ್ದರೆ, ಮಡ್ಡಿಯಾಗಿದ್ದರೆ ಆಲೆಮನೆಯಲ್ಲಿ ಏನು ಮಾಡುತ್ತೇವೆ? ಸುಣ್ಣ ಹಾಕುತ್ತೇವೆ. ನನ್ನ ಜೀವಮಾನವೆಲ್ಲ ಹಾಕಿದ್ದೇನೆ. ಸಾಕಮ್ಮನ ಎಲೆ ಅಡಿಕೆ ಚೀಲದಿಂದ ಡಬ್ಬಿ ತೆಗೆದು, ಒಂದು ಬೆರಳು ಸುಣ್ಣವನ್ನು ನೀರಿಗೆ ಕದಡಿ, ತಿಳಿಯನ್ನು ಮಾತ್ರ ಬಸಿದು, ತಜ್ಞನಿಗೆ ತಕ್ಕ ಗಾಂಭೀರ್ಯದಿಂದ ಬಾಟಲಿಗೆ ಹುಯ್ದೆ. ಕುಲುಕಿದೆ. ಹದ ನೋಡಲು ಲೋಟಕ್ಕೆ ಬಗ್ಗಿಸಿದೆ.

ಕೆಂಪಗಿದ್ದ ವೈನು ನೀಲಿಯಾಗಿ ಬಿದ್ದಿತು.

ಅಷ್ಟರಲ್ಲಿ ಹುಲ್ಲಿನ ಹೊರೆ ಇಳಿಸಿ ಬಂದ ಸಾಕಮ್ಮ ಲೋಟ ನೋಡಿದಳು. "ಇದೇನು, ಇಂಕಾ?"

"ಚೈತ್ರನ ವೈನು."

"ಅಯ್ಯೋ ನಿಮ್ ಕೈ ಸೇದೋಗ! ಏನಾಕುದ್ರಿ?"

ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. ಆದರೆ ನಮ್ಮ ಸಾಕಮ್ಮ ಹಣೆ ಚಚ್ಚಿಕೊಳ್ಳುತ್ತಲೇ ಯೋಚನೆ ಮಾಡುವ ಹೆಂಗಸು. "ಆರತಿ ನೀರ್ಗೆ ಅರಿಶ್ಣ ಕಲ್ಸಿ ಸುಣ್ಣ ಬುಟ್ರೆ ಕೆಂಪಾಯ್ತದೆ. ಅದುಕ್ಕೆ ನಿಂಬೆಅಣ್ಣು ಇಂಡುದ್ರೆ ಮೊದ್ಲಿನ್ ಬಣ್ಣಕ್ಕೇ ಬತ್ತದೆ. ಇದುಕ್ಕೂ ಇಂಡಿ ನೋಡನ," ಎಂದಳು. ಲೋಟದ್ದನ್ನೂ ಬಾಟಲಿಗೇ ಸುರಿದು ಹಿಂಡಿದೆವು. ಅರ್ಧ ಹಣ್ಣಿಗೆ ನೇರಳೆ ಬಣ್ಣವಾಯಿತು. ಒಂದಕ್ಕೆ ಗುಲಾಬಿ. ಒಂದೂವರೆ ಹಣ್ಣಿಗೆ ವೈನು ನಾಚಿಕೊಂಡು ಮತ್ತೆ ಕೆಂಪಾಯಿತು. ನಾನು ಕುಡಿದಷ್ಟು ಜಾಗಕ್ಕೆ ಸುಣ್ಣದ ತಿಳಿ, ನಿಂಬೆರಸ ಸೇರಿ ಬಾಟಲಿಯ ಮಟ್ಟವೂ ಸರಿಹೋಗಿತ್ತು. ಬಿರಟೆ ಒತ್ತಿ, ಕಾಲು ತೊಳೆಯಲು ಬಚ್ಚಲಿಗೆ ಹೋದೆ.

ಬರುವಷ್ಟರಲ್ಲಿ ಸಾಕಮ್ಮ ಡ್ರಮ್ಮಿನ ಹಿಂದೆ ಗುಡಿಸಿ, ಎರಡೂ ಬಾಟಲಿಯನ್ನು ಒರೆಸಿ ಜೋಡಿಸಿಟ್ಟಿದ್ದಳು.

"ಕೆಟ್ಟಿದ್ದುನ್ನ ಯಾವ್ ಕಡೆ ಮಡಗ್ದೆ?"

"ನಂಗೇನ್ ಗೊತ್ತು? ಎರಡೂ ಒಂದೇ ತರ ಅವೆ. ಮೂಗು ಮೂಗು ಅಂತ ಮೆರಿತೀರಲ್ಲ, ನೀವೇ ಮೂಸಿ."

ಮೂಸೋಣವೆಂದು ಬಗ್ಗುವಾಗ ಬಾಗಿಲಲ್ಲಿ ಚೈತ್ರಳ ಚಪ್ಪಲಿ ಸದ್ದಾಯಿತು. ಅವಳು ನೇರವಾಗಿ ಬಂದು ಎರಡೂ ಬಾಟಲಿಯನ್ನು ಎದೆಗೆ ಅವುಚಿಕೊಂಡು, "ತಾತ, ನಾಳೆ ನೀವೂ ಬನ್ನಿ. ನೀವಿದ್ರೆ ನಂಗೆ ಧೈರ್ಯ" ಎಂದಳು. ಆ ಮುಖ ನೋಡಿ ನಿಜ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಊರಿಗೆಲ್ಲ ಹೆಸರಾದ ನಾಲಿಗೆ.

ಶನಿವಾರ ಬಸ್ಸು ಶ್ರೀರಂಗಪಟ್ಟಣ ದಾಟುವವರೆಗೂ ಇನ್ನೇನು ಹೇಳುತ್ತೇನೆ, ಇನ್ನೇನು ಹೇಳುತ್ತೇನೆ ಎಂದುಕೊಂಡೆ. ಕಾರ್ಖಾನೆಯೇ ಬಂತು. ದೊಡ್ಡ ಮೇಡಂ ಹತ್ತಿ ಸೀರೆ ಉಟ್ಟು ಶಾಂತವಾಗಿ ಕುಳಿತಿದ್ದರು. ಪಕ್ಕದಲ್ಲಿ ನನ್ನ ಮ್ಯಾನೇಜರ್ ಭಾವ. ಚೈತ್ರ ಒಂದು ಬಾಟಲಿ ಎತ್ತಿ ಬಿರಟೆಗೆ ಕೈ ಹಾಕಿದಳು. ತೆಗೆಯುವ ಮೊದಲು ನನ್ನ ಕಡೆ ತಿರುಗಿ ನಕ್ಕಳು. ಅದನ್ನು ನೋಡಿದ ಮೇಲೆ ಕೂತಿರಲು ಆಗಲಿಲ್ಲ.

"ಮೇಡಂ, ವಸಿ ತಡೀರಿ," ಎಂದು ಎದ್ದೆ. ಹುಳಿ, ಸುಣ್ಣ, ನೀಲಿ, ನಿಂಬೆಹಣ್ಣು, ಸಾಕಮ್ಮನ ಪೊರಕೆ, ಎಲ್ಲವನ್ನೂ ಹೇಳಿದೆ. "ತಪ್ಪು ನಂದು. ಕೂಸುಂದಲ್ಲ. ಒಂದ್ ಬಾಟ್ಲಿ ಇನ್ನೂ ಚೆಂದಾಗದೆ."

ಚೈತ್ರ ಬಿಳುಚಿಕೊಂಡಿದ್ದಳು. "ತಾತ... ಸುಣ್ಣಾನಾ?"

"ಒಂದೇ ಬೆರಳು ಕಣವ್ವ."

"ಯಾವ್ ಬಾಟ್ಲಿಗೆ?"

ನನ್ನ ಜೀವಮಾನದ ಅನುಭವವೆಲ್ಲ ಮೂಗಿನ ತುದಿಗೆ ಬಂದು ನಿಂತ ಗಳಿಗೆ ಅದು. "ಎರಡು ಲೋಟ ತತ್ತಾ" ಎಂದೆ. ಬೆಳಕಿಗೆ ಹಿಡಿದೆ. ತಿರುಗಿಸಿದೆ. ಮೂಸಿದೆ. ತುಟಿ ತಾಗಿಸಿಯೇ ಕುಡಿದೆ. ವಂಶವನ್ನು ಬದಿಗಿಟ್ಟು ಬಕೀಟಿಗೆ ಉಗಿದೆ. ಸಂದೇಹವೇ ಉಳಿಯಲಿಲ್ಲ. "ಇದು ನಾನು ಕೆಡಿಸಿರೋದು," ಎಂದು ಮೊದಲನೆಯದನ್ನು ದೂರ ತಳ್ಳಿದೆ. "ಬರೀ ಉಳಿ, ಒಗ್ರು. ಈ ಎರಡನೇದು ನಮ್ ಚೈತ್ರಂದು. ಏನ್ ತಂಪು, ಏನ್ ಅಣ್ಣಿನ ವಾಸ್ನೆ. ಇದು ಕಣಿ ಮೇಡಂ ವೈನು ಅಂದ್ರೆ."

ಮೇಡಂ ಎರಡನ್ನೂ ರುಚಿ ನೋಡಿದರು. ಕಾಗದದಲ್ಲಿ ಏನೋ ಬರೆದರು. ಮತ್ತೆ ಮೊದಲನೆಯದನ್ನೇ ಬಾಯಿಗೆ ತೆಗೆದುಕೊಂಡು ಕಣ್ಣು ಮುಚ್ಚಿ ಕುಳಿತರು.

"ಯಜಮಾನರೇ, ನಿಂಬೆಹಣ್ಣು ಎಷ್ಟು ಹಿಂಡಿದ್ರಿ?"

"ಒಂದೂವರೆ."

"ಆ ಒಂದೂವರೆಯೂ ನೀವು ಈಗ ಹೊಗಳಿದ ಲೋಟದಲ್ಲಿದೆ."

ಮ್ಯಾನೇಜರ್ ಭಾವ ಕಿಟಕಿಯ ಕಡೆ ತಿರುಗಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಮೇಡಂ ಮಾತ್ರ ನಗದೆ ಚೈತ್ರಳನ್ನು ಹತ್ತಿರ ಕರೆದು, ನಾನು ತಳ್ಳಿದ ಲೋಟವನ್ನು ಅವಳ ಮುಂದಿಟ್ಟರು. "ಎಳೆ ವೈನಿಗೆ ಈ ಹುಳಿ ಇರಲೇಬೇಕಮ್ಮ. ವರ್ಷಗಟ್ಟಲೆ ಅದು ಕೆಡದ ಹಾಗೆ ಕಾಯೋದೇ ಇದು. ನೀನು ಹೆದರಿ ಇದನ್ನ ಕಡಿಮೆ ಮಾಡಲಿಲ್ಲವಲ್ಲ, ಅದು ದೊಡ್ಡದು. ಮುಂದಿನ ಸಲ ದೊಡ್ಡ ಟ್ಯಾಂಕು ನಿನ್ನದೇ."

ಚೈತ್ರ ಅಳುತ್ತಾ ನಗುತ್ತಾ ಬಂದು ನನ್ನ ಹೆಗಲಿಗೆ ಮುಖ ಒತ್ತಿದಳು. ಇನ್ನೊಂದು ಬಿಳಿ ಅಂಗಿ ಒದ್ದೆಯಾಯಿತು. ಅವತ್ತು ನನಗೆ ಆದ ಸಂತೋಷವನ್ನು ಯಾವ ಲೋಟದಲ್ಲೂ ಹಿಡಿಯಲಾಗುವುದಿಲ್ಲ. ಆಲೆಮನೆಯವನ ಮೊಮ್ಮಗಳು, ಟ್ಯಾಂಕಿನ ಒಡತಿ! ವಾಪಸು ಬರುವಾಗ ಬಸ್ಸಿನ ಕಂಡಕ್ಟರಿಗೂ ಹೇಳಿದೆ.

ಈಗ ಕಾರ್ಖಾನೆಯಲ್ಲಿ ನನಗೂ ಒಂದು ಸ್ಥಾನವಿದೆ. ಆಗಾಗ ಕರೆಸುತ್ತಾರೆ. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಎರಡು ಲೋಟ ಇಡುತ್ತಾರೆ. ನಾನು ಶಾಸ್ತ್ರೋಕ್ತವಾಗಿ ನೋಡಿ, ಮೂಸಿ, ಉಗಿದು, ಎರಡರಲ್ಲಿ ಒಂದನ್ನು ಬಹಳ ಚೆನ್ನಾಗಿದೆ ಎಂದು ಹೇಳುತ್ತೇನೆ. ಅವರು ತುಂಬ ಗೌರವದಿಂದ ಇನ್ನೊಂದನ್ನು ಎತ್ತಿಕೊಂಡು ಹೋಗುತ್ತಾರೆ.

ಇಲ್ಲಿಯವರೆಗೆ ಒಂದು ಸಲವೂ ತಪ್ಪಾಗಿಲ್ಲವಂತೆ.