ಕರೆಂಟ್ ಹೋದರೆ ನಮ್ಮವ್ವನಿಗೆ ಹಬ್ಬ

ಬೋರಗಾಂವದಲ್ಲಿ ಕರೆಂಟ್ ಹೋದರೆ ಊರಿಗೆ ಊರೇ ಬೈಯುತ್ತದೆ. ಮಗ್ಗದವರು ಬೈಯುತ್ತಾರೆ, ಹಿಟ್ಟಿನ ಗಿರಣಿಯವರು ಬೈಯುತ್ತಾರೆ. ಧಾರಾವಾಹಿಯ ಅತ್ತೆ ಸೊಸೆಯ ಹಾಲಿಗೆ ಇನ್ನೇನು ವಿಷ ಹಾಕಬೇಕು ಅನ್ನುವಷ್ಟರಲ್ಲಿ ಟೀವಿ ಕಪ್ಪಾದವರಂತೂ ಲೈನ್‌ಮನ್ನನ ವಂಶವನ್ನೇ ಜಾಲಾಡುತ್ತಾರೆ. ಆ ಹೊತ್ತಿನಲ್ಲಿ ಇಡೀ ಊರಿನಲ್ಲಿ ಮುಖ ಅರಳಿಸಿಕೊಂಡು ಕೂತಿರುವ ಪ್ರಾಣಿ ಒಂದೇ ಒಂದು. ಅದು ನಮ್ಮವ್ವ!

"ಹೋತ್ ನೋಡು, ಹೋತು! ಲಗೂ ರೇಡಿಯೋ ಹಚ್ಚು!" ಎಂದು ಆಕೆ ಚಪ್ಪಾಳೆ ತಟ್ಟುತ್ತಾಳೆ.

"ಸಾವಕಾಶ ಬೇ! ಓಣಿ ಮಂದಿ ಕೇಳಿದ್ರ ನೀನ ಫ್ಯೂಜ್ ಕಿತ್ತೀದಿ ಅಂತಾರ" ಎಂದು ನಾನು ಕಿಟಕಿ ಮುಚ್ಚುತ್ತೇನೆ.

ಕಾರಣ ಇಷ್ಟೇ. ನಮ್ಮ ಮನೆಯ ಬೆನ್ನಿಗೇ ನನ್ನ ಯಜಮಾನರ ಮಗ್ಗದ ಶೆಡ್ಡು. ಮಗ್ಗ ಓಡುತ್ತಿರುವಷ್ಟು ಹೊತ್ತು ಖಟಕ್ ಖಟಕ್ ಸದ್ದು ಹೊರಗೆ, ಮೋಟಾರುಗಳ ಕಿತಾಪತಿ ರೇಡಿಯೋದ ಒಳಗೆ. ಅವ್ವ ಜೀವ ಬಿಡುವ ಧಾರವಾಡ ಸ್ಟೇಷನ್ನು ಗರ್‌ರ್ ಅನ್ನುವುದನ್ನು ಬಿಟ್ಟು ಬೇರೆ ಸುದ್ದಿಯನ್ನೇ ಹೇಳುವುದಿಲ್ಲ. ಕರೆಂಟ್ ಹೋಯಿತೋ, ಮಗ್ಗ ಬಾಯಿ ಮುಚ್ಚುತ್ತದೆ, ಶೆಲ್ಲಿನ ಮೇಲೆ ನಡೆಯುವ ರೇಡಿಯೋ ಬಾಯಿ ತೆರೆಯುತ್ತದೆ.

ಅವ್ವ ಇರುವುದು ಕೃಷ್ಣೆಯ ದಂಡೆಯ ಜುಗೂಳದಲ್ಲಿ, ನನ್ನಣ್ಣನ ತುಂಬಿದ ಮನೆಯಲ್ಲಿ. ಕಣ್ಣಿನ ಪೊರೆ ತೆಗೆಸಲೆಂದು ತನ್ನ ಹಳೆಯ ರೇಡಿಯೋ ಸಮೇತ ನನ್ನಲ್ಲಿಗೆ ಬಂದಳು. ಪೊರೆ ಹೋಯಿತು, ಕಣ್ಣು ಬಂತು, ಅದರ ಹಿಂದೆಯೇ "ಇನ್ನ ಹೋಗ್ತೇನಿ" ಎಂಬ ರಾಗವೂ ಬಂತು. ನನಗೋ ಆಕೆಯನ್ನು ಇಟ್ಟುಕೊಳ್ಳುವ ಆಸೆ. ಮದುವೆಯಾದ ಮೇಲೆ ನಾನು ಅವ್ವನ ಹತ್ತಿರ ಹೋದದ್ದೆಲ್ಲ ಹಬ್ಬಕ್ಕೆ, ಬಾಣಂತನಕ್ಕೆ, ಯಾರದೋ ಲಗ್ನಕ್ಕೆ. ಕೆಲಸವಿಲ್ಲದೆ, ಕಾರಣವಿಲ್ಲದೆ, ಆಕೆಯ ಮಗ್ಗುಲಲ್ಲಿ ಸುಮ್ಮನೆ ಕಾಲು ಚಾಚಿ ಕೂತದ್ದು ನನಗೆ ನೆನಪೇ ಇಲ್ಲ.

"ಇಲ್ಲೇ ಇರು ಬೇ" ಎಂದೆ.

"ಮಗಳ ಮನ್ಯಾಗ ಎಷ್ಟ ದಿನಾ ಇರಾಕ ಬರ್ತೈತಿ?" ಎಂದಳು.

ಕಡೆಗೆ ನಮ್ಮ ಯಜಮಾನರೇ ಬಂದು, "ಮಗಳ ಮನಿ ಅಂತ ಯಾಕ ತಿಳಕೋತೀರಿ ಅತ್ತಿ, ಮಗನ ಮನಿ ಅಂತ ಇರ್ರಿ" ಎಂದು ಕೈ ಮುಗಿದರು. ಆ ನೆಪ ಬಿತ್ತು. ಅವ್ವ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಇನ್ನೊಂದು ನೆಪ ತೆಗೆದಳು. "ಇರ್ತಿದ್ನಿರಿ ಅಳಿಯಂದ್ರ. ಆದ್ರ ನಿಮ್ಮ ಮನ್ಯಾಗ ರೇಡಿಯೋ ಹಿಡಿಯಂಗಿಲ್ಲ!"

ಐತವಾರ ಅಣ್ಣ ಗಾಡಿ ತಗೊಂಡು ಬರುವವನಿದ್ದ. ಅಷ್ಟರೊಳಗೆ ಧಾರವಾಡ ಹಿಡಿಸಬೇಕು, ಇಲ್ಲವಾದರೆ ಅವ್ವನನ್ನು ಕಳಿಸಬೇಕು. ಹೀಗೆ ಶುರುವಾಯಿತು ನೋಡಿ ನಮ್ಮ ಮನೆಯ ಮಹಾಯುದ್ಧ.

ಮೊದಲು ನಾನು ಜಾಣತನ ಮಾಡಿದೆ. ಮೊಬೈಲಿನಲ್ಲಿ ಅದೇ ಸ್ಟೇಷನ್ನು ಹಚ್ಚಿ, "ನೋಡವ್ವಾ, ಗರ್ ಇಲ್ಲ, ಗುರ್ ಇಲ್ಲ, ಗಾಜಿನಂಗ ಕೇಳಸ್ತೈತಿ" ಎಂದು ಕೈಗೆ ಕೊಟ್ಟೆ. ಅವ್ವ ಒಪ್ಪಿದಳು. ವಾರ್ತೆ ಶುರುವಾಯಿತು. ನಡುವೆ ನನ್ನ ನಾದಿನಿಯ ಫೋನು ಬಂತು! ವಾರ್ತೆ ಓದುತ್ತಿದ್ದವರ ಬಾಯಿ ಗಪ್ಪನೆ ಮುಚ್ಚಿ ರಿಂಗು ಕುಣಿಯತೊಡಗಿತು. ಅವ್ವ ಫೋನನ್ನು ಹಾವು ಹಿಡಿದವರಂತೆ ನನ್ನ ಕೈಗೆ ಒಗೆದಳು. "ದೇಶದ ಸುದ್ದಿ ಹೇಳಾಕತ್ತಿದ್ಲು ಆ ತಾಯಿ. ನಿನ್ನ ನಾದಿನಿ ನಡುವ ಬಾಯಿ ಹಾಕಿದ್ಲು ಅಂತ ಆಕಿ ಸುಮ್ಮ ನಿಂದ್ರಬೇಕೇನ? ಮರ್ಯಾದಿ ಐತೋ ಇಲ್ಲೋ!" ಮೊಬೈಲು ಅಲ್ಲಿಗೆ ಮುಗಿಯಿತು.

ಆಮೇಲೆ ಯಜಮಾನರು ಮಾಳಿಗೆ ಹತ್ತಿದರು. ಬಟ್ಟೆ ಒಣಗಿಸುವ ತಂತಿಗೆ ಇನ್ನೊಂದು ತಂತಿ ಸುತ್ತಿ ಕಿಟಕಿಯಿಂದ ಇಳಿಬಿಟ್ಟು ರೇಡಿಯೋಕ್ಕೆ ಕಟ್ಟಿದರು. ಧಾರವಾಡ ಬಂತು! ಬಂದದ್ದು ಏನೋ ಎರಡು ಮಾತು ಹೇಳಿ ಹೋಯಿತು. ಆ ಹೊತ್ತಿಗೆ ತಂತಿಯ ಮೇಲೆ ಆಗಷ್ಟೇ ಹಿಂಡಿ ಹಾಕಿದ ಸೀರೆಗಳಿದ್ದವು. ಅವ್ವ ತೀರ್ಮಾನಿಸಿಬಿಟ್ಟಳು: ಸೀರೆ ಹಸಿ ಇದ್ದರೆ ಸ್ಟೇಷನ್ ಹಿಡಿಯುತ್ತದೆ. ಮಾರನೆಯ ದಿನ ಪಾಠ ಮುಗಿಸಿ ಶಾಲೆಯಿಂದ ಬಂದು ನೋಡುತ್ತೇನೆ, ಪೆಟ್ಟಿಗೆಯೊಳಗೆ ಮಡಚಿಟ್ಟ ನನ್ನ ಲಗ್ನದ ರೇಶ್ಮೆ ಸೀರೆಯ ತನಕ ಎಲ್ಲವೂ ನೀರು ಸೋರಿಸುತ್ತ ತಂತಿಯ ಮೇಲೆ ತೂಗಾಡುತ್ತಿವೆ! ಕೆಳಗೆ ಅವ್ವ ರೇಡಿಯೋ ಹಿಡಿದುಕೊಂಡು ಕೂತಿದ್ದಾಳೆ. "ಭಾಳ ಒಣಗ್ಯಾವ ಅಂತ ಕಾಣಸ್ತೈತಿ, ಇನ್ನೊಮ್ಮಿ ತೋಯಿಸಿ ಹಾಕು" ಎಂದಳು. ಅಳುವುದೋ ನಗುವುದೋ ನೀವೇ ಹೇಳಿ.

ಕೊನೆಗೆ ಯಜಮಾನರು ಒಂದು ಬುದ್ಧಿವಂತಿಕೆಯ ಮಾತು ಆಡಿದರು. ಅವರು ಅಂಥವು ಆಡುವುದು ಅಪರೂಪ. "ಅತ್ತಿ, ಸಾಂಗಲಿ ಸ್ಟೇಷನ್ ಸನೇಕ ಐತ್ರಿ. ಮಗ್ಗ ಓಡಿದ್ರೂ ಖಣಖಣ ಹಿಡೀತೈತಿ. ಅದನ್ನ ಹಚ್ಚಿರಲ್ಲ? ಹೆಂಗೂ ನಿಮ್ಮ ತವರಮನಿ ಮಾತು."

ಅವ್ವನ ತವರು ಹೊಳೆಯಾಚೆ, ಮಹಾರಾಷ್ಟ್ರದ ಕಡೆ. ಆದರೆ ಆ ಮಾತಿಗೆ ಅವ್ವನ ಮುಖ ಬಿಗಿಯಿತು. "ಛೇ ಛೇ! ಕನ್ನಡ ಕಲಿಸೋ ಟೀಚರ್ ಮನ್ಯಾಗ ಸಾಂಗಲಿ ಹಚ್ಚಿ ಕುಂಡ್ರಲೇನ್ರಿ? ಮಂದಿ ಏನಂದಾರು!"

ಆ ಟೀಚರು ನಾನೇ. ಆದರೆ ಮಂದಿ ಏನನ್ನುತ್ತಾರೆ? ನಮ್ಮ ಓಣಿಯವರು ಮುಂಜಾನೆ ಕನ್ನಡದಲ್ಲಿ ಜಗಳ ತೆಗೆದು ಸಂಜೆ ಮರಾಠಿಯಲ್ಲಿ ರಾಜಿಯಾಗುವವರು. ಅವ್ವನಿಗೆ ಇದು ಗೊತ್ತಿಲ್ಲವೇ? ಗೊತ್ತಿದೆ. ಆದರೂ ರೇಡಿಯೋದ ಮುಳ್ಳನ್ನು ಧಾರವಾಡದಿಂದ ಸರಿಸಲು ಬಿಡಲಿಲ್ಲ.

ಆ ಮುಳ್ಳಿನದೇ ಒಂದು ದೊಡ್ಡ ಕತೆ. ನಾನು ಹುಟ್ಟುವ ಮೊದಲು ಅಪ್ಪ ಕುಡಚಿಯಿಂದ ತಂದ ರೇಡಿಯೋ ಅದು. ಅವ್ವ ಎಣ್ಣೆಯಲ್ಲಿ ಕುಂಕುಮ ಕಲಸಿ, ಧಾರವಾಡ ಬರುವ ಜಾಗಕ್ಕೆ ಸರಿಯಾಗಿ ಗಾಜಿನ ಮೇಲೆ ಒಂದು ಬೊಟ್ಟು ಇಟ್ಟಿದ್ದಳು. ದೇವರ ಬೊಟ್ಟು ಒಂದು ದಿನ ತಪ್ಪಿದರೂ ರೇಡಿಯೋದ ಬೊಟ್ಟು ತಪ್ಪುತ್ತಿರಲಿಲ್ಲ. ಕೆಂಪು ಮುಳ್ಳು ಆ ಬೊಟ್ಟು ಬಿಟ್ಟು ಆಚೆ ಈಚೆ ಸರಿಯಿತೋ, ಸರಿಸಿದವರ ಬೆನ್ನಿಗೆ ಗುದ್ದು. ಅಣ್ಣ ಒಮ್ಮೆ ಕ್ರಿಕೆಟ್ಟಿನ ಆಸೆಗೆ ಮುಳ್ಳು ತಿರುಗಿಸಿ ಗುದ್ದು ತಿಂದವನು, ಆಮೇಲೆ ನಮ್ಮ ದೇಶ ಗೆದ್ದರೂ ಸೋತರೂ ಮರುದಿನ ಕ್ಷೌರದ ಅಂಗಡಿಯಲ್ಲೇ ತಿಳಿದುಕೊಳ್ಳುತ್ತಿದ್ದ.

ಧಾರವಾಡವೋ, ದೂರದ ಊರು. ಕೆಲವು ಸಲ ಅಪ್ಪ ಬಂದು ರೇಡಿಯೋದ ಮೇಲೆ ಕೈಯಿಟ್ಟರೆ ಮಾತ್ರ ಸ್ವಚ್ಛ ಕೇಳುತ್ತಿತ್ತು. ಅಪ್ಪನ ಕೈಯಲ್ಲಿ ಏನಿತ್ತೋ ದೇವರಿಗೇ ಗೊತ್ತು! ವಾರ್ತೆ ಮುಗಿಯುವ ತನಕ ಪಾಪ ಆ ಮನುಷ್ಯ ಕೈ ತೆಗೆಯುವಂತಿರಲಿಲ್ಲ. ಅತ್ತ ಗೋದಲಿಯಲ್ಲಿ ಎಮ್ಮೆ ಒದರುತ್ತಿದೆ, ಇತ್ತ ಅಪ್ಪ ರೇಡಿಯೋಕ್ಕೆ ಆಶೀರ್ವಾದ ಮಾಡುತ್ತ ನಿಂತಿದ್ದಾರೆ. "ನಾ ಇಕಿ ಗಂಡನೋ ಇಕಿ ರೇಡಿಯೋದ ಕಂಬೋ?" ಎಂದು ಅವರು ಕೇಳುತ್ತಿದ್ದರು.

ಅವ್ವ ರೇಡಿಯೋ ಕೇಳುತ್ತಿದ್ದಳು ಅನ್ನುವುದು ತಪ್ಪು. ಅದರ ಜೊತೆ ಮಾತಾಡುತ್ತಿದ್ದಳು. ಅದು "ನಮಸ್ಕಾರ" ಅಂದರೆ ಇವಳೂ ಸೆರಗು ಹೊದ್ದು "ನಮಸ್ಕಾರ" ಅನ್ನುತ್ತಿದ್ದಳು. ಅದು "ಗುಡುಗು ಸಹಿತ ಮಳೆಯಾಗುವ ಸಂಭವವಿದೆ" ಅಂದರೆ ಇವಳೂ ರೊಟ್ಟಿ ತಟ್ಟುತ್ತ, "ಗುಡುಗು ಸಹಿತ ಮಳೆಯಾಗುವ ಸಂಭವ... ಸಂಭವ... ಸಂಭವವಿದೆ" ಎಂದು ಮೂರು ರೊಟ್ಟಿಗೆ ಒಮ್ಮೆ ಹೇಳುತ್ತಿದ್ದಳು. ಸಂಜೆ ಅಪ್ಪ ಸಿಟ್ಟಿನಿಂದ ಹೊಲದಿಂದ ಬರುವುದು ಕಂಡರೆ ನಮ್ಮನ್ನು ಒಳಗೆ ಕರೆದು, "ಗುಡುಗು ಸಹಿತ ಸಂಭವ ಐತಿ, ಪುಸ್ತಕಾ ಹಿಡ್ಕೊಂಡ ಕುಂಡ್ರಿ" ಅನ್ನುತ್ತಿದ್ದಳು. ಸಂತೆಯಲ್ಲಿ ತರಕಾರಿಯವಳಿಗೆ, "ಯವ್ವಾ, ಮೆಣಸಿನಕಾಯಿ ಧಾರಣೆ ಕುಸಿದೈತಂತ, ನಿನಗ ಗೊತ್ತಿಲ್ಲೇನ?" ಎಂದು ಕೇಳಿ ಆಕೆ ಕಣ್ಣು ಪಿಳಿಪಿಳಿ ಬಿಡುವಂತೆ ಮಾಡುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಶಿಕ್ಷೆ ಬೈಗುಳದ್ದು. ನಮ್ಮನ್ನು ಮನಸೋ ಇಚ್ಛೆ ಬೈದು, ಇನ್ನೇನು ಮುಗಿಯಿತು ಎಂದು ನಾವು ಉಸಿರು ಬಿಡುವಷ್ಟರಲ್ಲಿ ಸೊಂಟಕ್ಕೆ ಕೈಯಿಟ್ಟು, "ಈಗ ಮುಖ್ಯಾಂಶಗಳು ಮತ್ತೊಮ್ಮೆ" ಎಂದು ಶುರು ಮಾಡುತ್ತಿದ್ದಳು!

ಇಷ್ಟೆಲ್ಲ ಬಾಯಿದ್ದ ಅವ್ವನಿಗೆ ಒಂದೇ ಒಂದು ಬರುತ್ತಿರಲಿಲ್ಲ, ಹಾಡು. ಓಣಿಯಲ್ಲಿ ತೊಟ್ಟಿಲ ಶಾಸ್ತ್ರವೆಂದರೆ ಹೆಂಗಸರು ಒಬ್ಬರ ಮೇಲೊಬ್ಬರು ಹಾಡುತ್ತಿದ್ದರು. ಅವ್ವನ ಸರದಿ ಬಂದರೆ "ನನಗ ಬರಂಗಿಲ್ರೆವಾ" ಎಂದು ಎದ್ದು ಚಹಾ ಮಾಡಲು ಹೋಗುತ್ತಿದ್ದಳು. ನನಗೆ ಜೋಗುಳ ಹಾಡಿದ್ದು ರೇಡಿಯೋ ಎಂದು ನಾನು ಇವತ್ತಿಗೂ ಗೆಳತಿಯರ ಮುಂದೆ ಹೇಳಿ ನಗಿಸುತ್ತೇನೆ.

ಶನಿವಾರ ಬಂತು. ಮರುದಿನ ಅಣ್ಣ ಬರುತ್ತಾನೆ, ಧಾರವಾಡ ಇನ್ನೂ ಗರ್‌ರ್ ಅನ್ನುತ್ತಿದೆ. ಅವ್ವ ತನ್ನ ಚೀಲದ ಬಾಯಿಗೆ ಹಗ್ಗ ಹುಡುಕತೊಡಗಿದ್ದಳು. ಶನಿವಾರ ನಮಗೆ ಮುಂಜಾನೆಯ ಶಾಲೆ. ಬಿಟ್ಟವಳೇ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದೆ. ಕರೆಂಟ್ ಹೋಗಿತ್ತು. ಮಗ್ಗ ನಿಂತಿತ್ತು. ಯಜಮಾನರು ನಿಪ್ಪಾಣಿಗೆ ಹೋಗಿದ್ದರು. ಹಿತ್ತಲ ಬಾಗಿಲಿನಿಂದ ಒಳಗೆ ಕಾಲಿಟ್ಟರೆ ಅವ್ವನ ಕೋಣೆಯಿಂದ ರೇಡಿಯೋ ಕೇಳಿಸಿತು. ಮರಾಠಿ! ಯಾರೋ ಹೆಂಗಸರು ಓವಿ, ಅಂದರೆ ಬೀಸುವ ಕಲ್ಲಿನ ಪದ, ಹಾಡುತ್ತಿದ್ದರು. ಅವರ ದನಿಯ ಜೊತೆಗೆ ಇನ್ನೊಂದು ದನಿ ಇತ್ತು. ಸಣ್ಣಗೆ, ಸ್ವಲ್ಪ ನಡುಗುತ್ತ, ಆದರೆ ಒಂದು ಸ್ವರವೂ ತಪ್ಪದ ದನಿ.

ಬಾಗಿಲ ಸಂದಿಯಿಂದ ನೋಡಿದೆ. ಅವ್ವ ಕಣ್ಣು ಮುಚ್ಚಿ, ಇಲ್ಲದ ಬೀಸುವ ಕಲ್ಲನ್ನು ಬರಿಗೈಯಲ್ಲಿ ತಿರುಗಿಸುತ್ತ ಹಾಡುತ್ತಿದ್ದಳು. ನಮ್ಮವ್ವ, ಹಾಡು ಬಾರದ ನಮ್ಮವ್ವ!

ನನ್ನ ಬಳೆ ಸದ್ದು ಮಾಡಿತು. ಆಕೆ ಬೆಚ್ಚಿ ಕಣ್ಣು ತೆರೆದಳು. ಕಂಡದ್ದೇ ತಡ, ಕೈ ಹೋಗಿ ಮುಳ್ಳನ್ನು ಸರ್ರನೆ ಬೊಟ್ಟಿನ ಮೇಲೆ ತಂದು ನಿಲ್ಲಿಸಿತು. ಬೆಲ್ಲ ಕದ್ದು ಸಿಕ್ಕಿಬಿದ್ದ ಮಗುವಿನ ಮುಖ.

"ಸಾಲಿ ಲಗೂ ಬಿಟ್ಟಿತೇನ?" ಎಂದಳು.

ನಾನು ಹೋಗಿ ಮಗ್ಗುಲಲ್ಲಿ ಕೂತೆ. "ಅವ್ವಾ, ನಿನಗ ಹಾಡು ಬರ್ತಾವು."

ಅವ್ವ ಸೆರಗಿನ ತುದಿ ತಿರುವಿದಳು. ಆಮೇಲೆ ಹೇಳಿದಳು. "ನಿಮ್ಮಣ್ಣ ಸಾಲಿಗೆ ಹೋಗಾಕ ಚಾಲೂ ಮಾಡಿದ್ದ. ನೀ ಹೊಟ್ಟ್ಯಾಗಿದ್ದಿ. ಮಾಸ್ತರ ಮನೀಗೆ ಬಂದು ಅಂದ್ರು, ಹುಡುಗ ಶ್ಯಾಣ್ಯಾ ಅದಾನ, ಆದ್ರ ಬಾಯಾಗ ಬರೇ ಮರಾಠಿ ಐತಿ, ಪುಸ್ತಕಾ ತಿಳಿಯವಲ್ದು. ತಾಯಿ ಮನ್ಯಾಗ ಕನ್ನಡ ಆಡಿದ್ರ ಮುಂದ ಬರ್ತಾನ ಅಂತ. ನನಗ ಎಲ್ಲಿ ಬರ್ತಿತ್ತು? ಸಂತಿಗೆ ಬೇಕಾದಷ್ಟ ಬರ್ತಿತ್ತು. ಅದಕ್ಕ ನಿಮ್ಮಪ್ಪಗ ಹಟಾ ಹಿಡದು ರೇಡಿಯೋ ತರಿಸಿದ್ನಿ. ಅದು ಅಂದಂಗ ಅಂತ ಹ್ವಾದ್ನಿ."

ಸಂಭವ... ಸಂಭವ... ಸಂಭವವಿದೆ. ನಾವು ಬಿದ್ದು ಬಿದ್ದು ನಕ್ಕಿದ್ದು ಆಕೆಯ ಪಾಠಕ್ಕೆ! ರೊಟ್ಟಿ ತಟ್ಟುತ್ತ ಆಕೆ ಶಾಲೆ ಕಲಿಯುತ್ತಿದ್ದಳು.

"ಮತ್ತ ಹಾಡು?" ಎಂದೆ.

"ನನಗ ಬರೋವು ಎಲ್ಲಾ ನಮ್ಮವ್ವನ ಓವಿ, ನಮ್ಮವ್ವನ ಜೋಗುಳ. ಅಣ್ಣಗ ಹಾಡಿದ್ನಿ. ನಿನಗ ಹಾಡಿದ್ರ ನಿನ್ನ ಬಾಯಾಗೂ ಅದ ಮಾತು ಕುಂಡ್ರತೈತಿ, ನೀನೂ ಸಾಲ್ಯಾಗ ಹಿಂದ ಬೀಳ್ತಿ ಅಂತ ಹೆದರಿಕಿ. ನಿನಗ ಹಾಡಲಿಲ್ಲ." ಆಕೆ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. "ನೀ ತೊಟ್ಟಿಲದಾಗ ಅಳತಿದ್ದಿ. ನನಗ ಬಾಯಿ ತನಕ ಬರ್ತಿತ್ತು. ರೇಡಿಯೋ ಹಚ್ಚತಿದ್ನಿ."

ನಾನು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಕನ್ನಡ, ನನ್ನ ಸಂಬಳ, ನನ್ನ ಟೀಚರಮ್ಮ ಎಂಬ ದೊಡ್ಡಸ್ತಿಕೆ, ಎಲ್ಲವೂ ಅವ್ವ ನುಂಗಿಕೊಂಡ ಹಾಡಿನಿಂದ ಬಂದದ್ದು. ನನಗೆ ಅದು ಗೊತ್ತೇ ಇರಲಿಲ್ಲ. ನಾನು ಅತ್ತೆ. ಅಳದೆ ಏನು ಮಾಡಲಿ?

ಅತ್ತು ಮುಗಿಸಿ ಮೂಗು ಒರೆಸಿಕೊಂಡು ಮುಳ್ಳನ್ನು ನಾನೇ ಸಾಂಗಲಿಗೆ ತಿರುಗಿಸಿದೆ. ಬೆನ್ನಿಗೆ ಗುದ್ದು ಬೀಳಲಿಲ್ಲ. ಆದರೆ ಓವಿ ಮುಗಿದುಹೋಗಿತ್ತು, ಯಾರೋ ಗೊಬ್ಬರದ ಬಗ್ಗೆ ಹೇಳುತ್ತಿದ್ದರು.

"ನೀನ ಹಾಡು ಬೇ. ನನಗ ಹಾಡದ ಬಿಟ್ಟಿದ್ದನ್ನ ಹಾಡು."

"ಹುಚ್ಚಿ! ಈ ವಯಸ್ಸಿನ್ಯಾಗ? ಓಣಿ ಮಂದಿ ಕೇಳ್ಯಾರು."

ಆಗ ಕರೆಂಟ್ ಬಂತು. ಹಿಂದೆ ಶೆಡ್ಡಿನಲ್ಲಿ ಮಗ್ಗಗಳೆಲ್ಲ ಒಟ್ಟಿಗೆ ಖಟಕ್ ಖಟಕ್ ಎಂದು ಹೊರಟವು. ಗೋಡೆ ಗುಂಯ್‌ಗುಟ್ಟಿತು. "ಈಗ ಯಾರ ಕೇಳ್ತಾರ?" ಎಂದು ಆಕೆಯ ತೊಡೆಯ ಮೇಲೆ ತಲೆಯಿಟ್ಟೆ. ನರೆತ ತಲೆ ನನ್ನದು. ಅವ್ವ ಬಾಗಿ, ನನ್ನ ಕಿವಿಯ ಹತ್ತಿರ ಬಾಯಿ ತಂದು, ಮಗ್ಗದ ತಾಳಕ್ಕೆ ಸರಿಯಾಗಿ ಹಾಡತೊಡಗಿದಳು.

ಐತವಾರ ಅಣ್ಣ ಬಂದ. ಬಂದವನೇ ರೇಡಿಯೋ ಹಚ್ಚಿ ಧಾರವಾಡದ ಗರ್‌ರ್ ಕೇಳಿ ನಕ್ಕ. ಗಾಜಿನ ಮೇಲೆ ಸಾಂಗಲಿ ಬರುವ ಜಾಗಕ್ಕೆ ಇಟ್ಟ ಎರಡನೆಯ ಬೊಟ್ಟು ಕಂಡು ಹುಬ್ಬು ಏರಿಸಿದ.

"ಹಿಡಿಯವಲ್ದಲ್ಲಬೇ. ನಡಿ, ಚೀಲ ಎಲ್ಲೈತಿ?"

"ನಾ ಈಗ ಬರಂಗಿಲ್ಲಪಾ" ಎಂದಳು ಅವ್ವ. "ನಿನಗ ಹಾಡಿ ಮುಗಿಸೇನಿ. ಇಕಿಗೆ ಹಾಡೂದು ಉಳದೈತಿ."

ಅಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಉಂಡು, ಖಾಲಿ ಗಾಡಿ ತಿರುಗಿಸಿಕೊಂಡು ಹೋದ.

ಈಗ ಬೋರಗಾಂವದಲ್ಲಿ ಕರೆಂಟ್ ಹೋದರೆ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಬೈಯುವವಳು ನಮ್ಮವ್ವ. ಮಗ್ಗ ನಿಂತರೆ ಓಣಿಯವರಿಗೆ ಕೇಳಿಸುತ್ತದೆ ಎಂದು ಆಕೆ ಹಾಡನ್ನು ಅರ್ಧಕ್ಕೇ ನಿಲ್ಲಿಸಬೇಕಾಗುತ್ತದಲ್ಲ!